ಮೆಡಿಕಲ್‌ನಲ್ಲಿ ಕೇಳುವ '625': ಆ 125 ಮಿ.ಗ್ರಾಂ ಎಷ್ಟು ದಿನ ಕಾಯುತ್ತೆ?

ಗಂಟಲು ನೋವು, ಹಲ್ಲು ನೋವು ಅಂತ ಮೆಡಿಕಲ್‌ಗೆ ಹೋಗಿ 'ಸಿಕ್ಸ್ ಟ್ವೆಂಟಿಫೈವ್ ಎರಡು ಕೊಡಿ' ಅನ್ನೋರಿಗೆ ಕೊರತೆಯಿಲ್ಲ. ಆ ಮಾತ್ರೆಯಲ್ಲಿ 500 ಮಿ.ಗ್ರಾಂ ಅಮಾಕ್ಸಿಸಿಲಿನ್ ಇರುತ್ತೆ. ಉಳಿದ 125 ಕ್ಲಾವುಲನಿಕ್ ಆಸಿಡ್. ಈ ಎರಡನೆಯದು ತಾನೇ ರೋಗಾಣು ಕೊಲ್ಲುವುದು ತೀರಾ ಕಡಿಮೆ, ಅದರ ಕೆಲಸವೇ ಬೇರೆ.

ಪೆನ್ಸಿಲಿನ್ ಜಾತಿಯ ಔಷಧವನ್ನು ಒಡೆದುಹಾಕಲು ಹಲವು ಬ್ಯಾಕ್ಟೀರಿಯಾಗಳು ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವ ತಯಾರಿಸುತ್ತವೆ. ಕ್ಲಾವುಲನಿಕ್ ಆಸಿಡ್ ಆ ಕಿಣ್ವಕ್ಕೇ ಅಂಟಿಕೊಂಡು ಅದನ್ನು ಕೆಡಿಸುತ್ತೆ. ಅಷ್ಟರಲ್ಲಿ ಅಮಾಕ್ಸಿಸಿಲಿನ್ ತನ್ನ ಕೆಲಸ ಮುಗಿಸುತ್ತೆ. 1981ರಲ್ಲಿ ಬ್ರಿಟನ್ ಮಾರುಕಟ್ಟೆಗೆ ಬಂದ ಈ ಜೋಡಿ ಇಂದಿಗೂ ನಡೆಯುತ್ತಿದೆ. ಆದರೆ ಗಂಟಲು ನೋವು ಬಹುಪಾಲು ವೈರಸ್‌ನಿಂದ ಬರುವಂಥದ್ದು; ಅದಕ್ಕೆ ಈ ಮಾತ್ರೆ ನುಂಗಿದರೆ ದುಡ್ಡು ದಂಡ, ಮೈಯೊಳಗಿನ ಬ್ಯಾಕ್ಟೀರಿಯಾಗಳಿಗೆ ಮಾತ್ರ ಒಳ್ಳೆ ತರಬೇತಿ.

ಇಂಥ ಸಹಾಯಕ ಔಷಧಗಳಲ್ಲಿ ಭಾರತದ್ದೂ ಒಂದಿದೆ. ಚೆನ್ನೈನ ಆರ್ಕಿಡ್ ಫಾರ್ಮಾ ಕಂಡುಹಿಡಿದ ಎನ್‌ಮೆಟಾಜೊಬ್ಯಾಕ್ಟಮ್, ಸೆಫೆಪೈಮ್ ಜೊತೆಗೂಡಿ 2024ರ ಫೆಬ್ರವರಿಯಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ಪಡೆಯಿತು. ಇದು ಕ್ಲಿಷ್ಟ ಮೂತ್ರನಾಳ ಸೋಂಕಿಗೆ ರಕ್ತನಾಳದ ಮೂಲಕ ಕೊಡುವ ಔಷಧ.

ಖುಷಿಯ ಸುದ್ದಿಯೇ. ಆದರೆ ನಮ್ಮ ದೇಶದ ದೊಡ್ಡ ತಲೆನೋವು ಎನ್‌ಡಿಎಂ ಎಂಬ ಕಿಣ್ವ. ಇದು ಸತುವಿನ ಬಲದಿಂದ ಕೆಲಸ ಮಾಡುವ ಬೇರೆಯೇ ಜಾತಿ, ಕ್ಲಾವುಲನಿಕ್ ಆಸಿಡ್ಡಾಗಲಿ ಈ ಹೊಸ ಔಷಧವಾಗಲಿ ಇದನ್ನು ತಡೆಯಲ್ಲ. ಆಗ ಡಾಕ್ಟರುಗಳು ಅಜ್ಟ್ರಿಯೋನಾಮ್ ಜೊತೆ ಅವಿಬ್ಯಾಕ್ಟಮ್ ಸೇರಿಸುವ ದಾರಿ ಹಿಡಿಯುತ್ತಾರೆ. ಅಜ್ಟ್ರಿಯೋನಾಮನ್ನು ಎನ್‌ಡಿಎಂ ಒಡೆಯಲಾರದು, ಒಡೆಯಬಲ್ಲ ಬೇರೆ ಕಿಣ್ವಗಳನ್ನು ಅವಿಬ್ಯಾಕ್ಟಮ್ ನೋಡಿಕೊಳ್ಳುತ್ತೆ. ಇದೆಲ್ಲ ದೊಡ್ಡಾಸ್ಪತ್ರೆಯ ಐಸಿಯು ಮಾತು, ಖರ್ಚೂ ಹಾಗೇ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ಭಾರತದಲ್ಲಿ ಸುಮಾರು 3 ಲಕ್ಷ ಜನ ಸತ್ತರೆಂಬ ಅಂದಾಜಿದೆ.

ಇನ್ನು ಅಂಗಡಿಯವರ ವಿಷಯ. ಸೆಫಿಕ್ಸೈಮ್‌ನಂಥ ಮಾತ್ರೆಗಳು 2014ರ ಮಾರ್ಚ್‌ನಿಂದಲೇ ಎಚ್1 ಪಟ್ಟಿಯಲ್ಲಿವೆ. ಚೀಟಿ ಇಲ್ಲದೆ ಕೊಡುವಂತಿಲ್ಲ. ಡಾಕ್ಟರ್, ರೋಗಿಯ ಹೆಸರು ಬರೆದ ಪುಸ್ತಕ 3 ವರ್ಷ ಇಡಬೇಕು. 'ನಾವು ಕೊಡದಿದ್ರೆ ಪಕ್ಕದಂಗಡೀಲಿ ತಗೋತಾರೆ' ಅನ್ನೋ ಮಾತಲ್ಲಿ ಸತ್ಯವೂ ಇದೆ. ಒಬ್ಬ ಅಂಗಡಿಯವ ಒಂಟಿಯಾಗಿ ನಿಯಮ ಪಾಲಿಸಿದರೆ ಗಿರಾಕಿ ಕಳೆದುಕೊಳ್ಳುವವನು ಅವನೇ. ಕೇರಳದಲ್ಲಿ 2024ರ ಜನವರಿಯಲ್ಲಿ ಔಷಧ ನಿಯಂತ್ರಣ ಇಲಾಖೆ 'ಆಪರೇಷನ್ ಅಮೃತ್' ಹೆಸರಲ್ಲಿ ದಿಢೀರ್ ತಪಾಸಣೆಗೆ ಇಳಿದಾಗ ಈ ಭಯ ಎಲ್ಲ ಅಂಗಡಿಗೂ ಸಮನಾಗಿ ಹಂಚಿಕೆಯಾಯಿತು.