ಹೊಟ್ಟೆಯ ಚೂರ್ಣ ಎಷ್ಟು ದಿನ?

‘ಸೊಪ್ಪು-ಬೇರಿನ ಮದ್ದಲ್ವಾ, ಎಷ್ಟು ವರ್ಷ ತಿಂದರೂ ತೊಂದರೆ ಇಲ್ಲ.’ ಮಲಬದ್ಧತೆಗೆಂದು ದಿನಾ ರಾತ್ರಿ ಚಮಚ ಚೂರ್ಣ ನುಂಗುವ ನಮ್ಮವರ ಬಾಯಲ್ಲಿ ಈ ಮಾತು ಮಾಮೂಲು. ನನಗಿದು ಒಪ್ಪಿಗೆಯಿಲ್ಲ. ಹಾಗಂತ ಮನೆಮದ್ದಿನ ವಿರೋಧಿ ಅಂದುಕೊಳ್ಳಬೇಡಿ. ಒಂದೆಲಗದ ತಂಬುಳಿ, ಜೀರಿಗೆ ಕಷಾಯ ನಮ್ಮಲ್ಲೂ ಉಂಟು. ಭೇದಿ ಮಾಡಿಸುವ ಗಿಡಗಳ ಕತೆ ಬೇರೆ.

ಡಬ್ಬಿಯ ಮೇಲಿನ ಚೀಟಿ ಓದಿ. ಇಂಥ ಚೂರ್ಣಗಳಲ್ಲಿ ಹೆಚ್ಚಾಗಿ ಸೋನಾಮುಖಿ, ಅಂದರೆ ನೆಲಾವರಿಕೆ ಇರುತ್ತದೆ. ತಮಿಳುನಾಡಿನ ತಿರುನೆಲ್ವೇಲಿ ಕಡೆಯ ರೈತರ ಹಳೇ ಬೆಳೆ. ಇದರ ಎಲೆಯಲ್ಲಿರುವ ಸೆನ್ನೊಸೈಡ್ ದೊಡ್ಡ ಕರುಳನ್ನು ಕೆರಳಿಸಿ ಮಲ ತಳ್ಳಿಸುತ್ತದೆ. ಇಂಗ್ಲಿಷ್ ಮದ್ದಿನ ಅಂಗಡಿಯ ಮಾತ್ರೆಯಲ್ಲೂ ಇದೇ ಇರುವುದುಂಟು! ಒಂದೆರಡು ವಾರಕ್ಕೆ ಒಳ್ಳೆ ಮದ್ದೇ. ವೈದ್ಯರನ್ನು ಕೇಳದೆ ಅದಕ್ಕಿಂತ ಹೆಚ್ಚು ದಿನ ಬೇಡ. ತಿಂಗಳುಗಟ್ಟಲೆ ತಿಂದರೆ ಕರುಳಿನ ಒಳಪದರ ಕಪ್ಪಾಗಬಹುದು. ಅದಕ್ಕೆ ಅಷ್ಟು ಹೆದರಬೇಕಿಲ್ಲ. ಹೆದರಬೇಕಾದ್ದು ಅತಿಯಾಗಿ ತಿಂದು ಭೇದಿಯ ಜೊತೆ ಪೊಟ್ಯಾಸಿಯಂ ಹೋಗುವುದಕ್ಕೆ. ಪೊಟ್ಯಾಷ್ ಕಮ್ಮಿಯಾದರೆ ತೆಂಗಿನ ಗರಿ ಹಳದಿಯಾಗಿ ಹೇಳುತ್ತದೆ. ನಮಗೆ ಸುಸ್ತು, ಕಾಲು ಸೆಳೆತ. ತೀರಾ ಕಮ್ಮಿಯಾದರೆ ಎದೆಬಡಿತವೇ ತಾಳ ತಪ್ಪುತ್ತದೆ.

ಅದೇ ಚೂರ್ಣಕ್ಕೆ ರುಚಿಗೆಂದು ಜ್ಯೇಷ್ಠಮಧು ಬೆರೆಸುವುದುಂಟು. ಹೊಟ್ಟೆ ಉರಿಗೂ ಅದನ್ನು ಕೊಡ್ತಾರೆ. ದಿನಾ ಹೆಚ್ಚು ಸೇರಿದರೆ ಮೈಯಲ್ಲಿ ಉಪ್ಪು-ನೀರು ನಿಲ್ಲುತ್ತದೆ, ಬಿ.ಪಿ. ಏರುತ್ತದೆ, ಪೊಟ್ಯಾಸಿಯಂ ಮತ್ತೆ ಇಳಿಯುತ್ತದೆ. ಬಿ.ಪಿ.ಗೆ ಮೂತ್ರ ಹೋಗಿಸುವ ಮಾತ್ರೆ ತಿನ್ನುವವರಿದ್ದಾರಲ್ಲ, ಆ ಮಾತ್ರೆಗಳಲ್ಲಿ ಕೆಲವು ಮಾಡುವುದೂ ಇದನ್ನೇ. ಮೂರೂ ಒಬ್ಬರ ಹೊಟ್ಟೆಯಲ್ಲೇ ಸೇರಿದರೆ?

ಚೀಟಿಯೇ ಇಲ್ಲದ ಸಂತೆ ಪುಡಿಯಂತೂ ಬೇಡವೇ ಬೇಡ. ಅಮೆರಿಕದ ಬಾಸ್ಟನ್ನಿನ ಅಂಗಡಿಗಳಲ್ಲಿ ಸಿಗುತ್ತಿದ್ದ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಮದ್ದುಗಳನ್ನು ಪರೀಕ್ಷಿಸಿ 2004ರಲ್ಲಿ ವರದಿ ಮಾಡಿದ್ದರು. 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಸೀಸ ಮೈಗೆ ಸೇರಿದರೆ ಏನಾಗುತ್ತದೆ ಗೊತ್ತಾ? ಹೊಟ್ಟೆನೋವು, ಮಲಬದ್ಧತೆ! ಪಾಪ, ಆತ ಇನ್ನೊಂದು ಚಮಚ ಜಾಸ್ತಿ ನುಂಗುತ್ತಾನೆ.

ಬೋರ್ಡೋ ಮಾಡುವಾಗ 100 ಲೀಟರಿಗೆ ಒಂದು ಕಿಲೋ ಮೈಲುತುತ್ತು ಅಂತ ತೂಗಿ ಹಾಕುವವರು ನಾವು. ನಮ್ಮ ಹೊಟ್ಟೆಗೆ ಮಾತ್ರ ಕೈ ಅಂದಾಜು.

ನಿತ್ಯಕ್ಕೇ ಬೇಕೆನ್ನುವವರಿಗೆ ಇಸಬ್‌ಗೋಲ್ ವಾಸಿ. ಅದು ಕೆರಳಿಸುವುದಿಲ್ಲ, ನೀರು ಹೀರಿ ಉಬ್ಬುತ್ತದೆ ಅಷ್ಟೆ. ಜೊತೆಗೆ ದೊಡ್ಡ ಲೋಟ ನೀರು ಕುಡಿಯಲೇಬೇಕು, ಇಲ್ಲದಿದ್ದರೆ ಗಂಟಲಲ್ಲೇ ಕಟ್ಟೀತು. ವಯಸ್ಸು ಐವತ್ತು ದಾಟಿದ ಮೇಲೆ ಹೊಸದಾಗಿ ಮಲಬದ್ಧತೆ ಶುರುವಾದರೆ, ರಕ್ತ ಕಂಡರೆ, ತೂಕ ಇಳಿದರೆ ಯಾವ ಚೂರ್ಣವೂ ಬೇಡ, ಸೀದಾ ಡಾಕ್ಟರ ಹತ್ತಿರ ಹೋಗಿ. ಹೋಗುವಾಗ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಳ್ಳಿ. ‘ಬೇರೇನಾದರೂ ಮದ್ದು ತಗೊಳ್ತೀರಾ’ ಎಂದು ಕೇಳಿದರೆ ‘ಏನಿಲ್ಲ’ ಅನ್ನಬೇಡಿ, ಅದನ್ನೇ ತೆಗೆದು ತೋರಿಸಿ.