ಸಚಿವರ ಮೊದಲ ಹೊಣೆ ಮತದಾರರಿಗೆ

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಏರೋಸ್ಪೇಸ್ ಪಾರ್ಕ್‌ಗಾಗಿ 1,777 ಎಕರೆ ಜಮೀನು ಸ್ವಾಧೀನಪಡಿಸಿಕೊಳ್ಳುವ ಯೋಜನೆಯನ್ನು ರಾಜ್ಯ ಸರ್ಕಾರ 2025ರ ಜುಲೈ 15ರಂದು ಕೈಬಿಟ್ಟಿತು. ರಾಗಿ, ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿ ಬೆಳೆಯುವ 13 ಹಳ್ಳಿಗಳ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ನಡೆಸಿದ ನಂತರ ಬಂದ ತೀರ್ಮಾನವಿದು. ತೀರ್ಮಾನ ಸರಿಯಾದುದೇ. ಆದರೆ ತಮ್ಮ ಮತದಿಂದಲೇ ಅಧಿಕಾರಕ್ಕೆ ಬಂದವರ ಕಿವಿಗೆ ತಮ್ಮ ಅಹವಾಲು ಮುಟ್ಟಿಸಲು ರೈತರು ಇಷ್ಟು ಕಾಲ ಕಾಯಬೇಕಾದದ್ದು ಸರಿಯಲ್ಲ.

ಖಾಸಗಿ ಕಂಪನಿಗಳಿಗಾಗಿ ಜಮೀನು ಪಡೆಯಲು ಬಾಧಿತ ಕುಟುಂಬಗಳ ಪೈಕಿ ಶೇ 80ರಷ್ಟರ ಒಪ್ಪಿಗೆ ಬೇಕು ಎನ್ನುತ್ತದೆ ಕೇಂದ್ರದ 2013ರ ಭೂಸ್ವಾಧೀನ ಕಾಯ್ದೆ. ದೇವನಹಳ್ಳಿಯಲ್ಲಿ ಸರ್ಕಾರ ಬಳಸಿದ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ– 1966ರಲ್ಲಿ ಅಂಥ ಷರತ್ತಿಲ್ಲ. ರೈತರ ಆಕ್ಷೇಪಣೆಗಳನ್ನು ಆಲಿಸಿದ ಬಳಿಕ ಅವನ್ನು ತಳ್ಳಿಹಾಕಿ ಮುಂದುವರಿಯಲು ಅಲ್ಲಿ ಅವಕಾಶವಿದೆ. ಇದರ ಪೆಟ್ಟು ಬೀಳುವುದು ದುರ್ಬಲರ ಮೇಲೆ. ಜಾಗ ಸಿಗದಿದ್ದರೆ ಉದ್ಯಮ ಬೇರೆ ಜಿಲ್ಲೆಗೋ ರಾಜ್ಯಕ್ಕೋ ಹೋಗಬಲ್ಲದು. ಹೊಲ ಕಳೆದುಕೊಂಡ ರೈತನಿಗೂ ಅದೇ ಹೊಲವನ್ನು ನಂಬಿದ ಕೂಲಿಕಾರರಿಗೂ ಆ ಆಯ್ಕೆ ಇಲ್ಲ. ರಾಜ್ಯಕ್ಕೆ ಕೈಗಾರಿಕೆ ಬೇಕು, ಯುವಜನರಿಗೆ ಉದ್ಯೋಗ ಬೇಕು. ಉದ್ಯಮಿಗಳ ಬೇಡಿಕೆ ಆಲಿಸುವುದೂ ಸಚಿವರ ಕೆಲಸವೇ. ಆದರೆ ಎರಡು ಹಿತಗಳು ಎದುರಾದಾಗ ಸಚಿವರು ನಿಲ್ಲಬೇಕಾದದ್ದು ಮತದಾರರ ಪರವಾಗಿ. ಅದು ಆಳುವವರ ಮರ್ಜಿಗೆ ಬಿಟ್ಟ ವಿಷಯ ಆಗಬಾರದು. ಭೂಮಾಲೀಕರ ಒಪ್ಪಿಗೆ ಮತ್ತು ಸಾಮಾಜಿಕ ಪರಿಣಾಮದ ಅಧ್ಯಯನವನ್ನು ಕಡ್ಡಾಯಗೊಳಿಸಿ 1966ರ ಕಾಯ್ದೆಗೆ ಸರ್ಕಾರ ತಿದ್ದುಪಡಿ ತರಬೇಕು.