ಖಾಕಿಯನ್ನು ಪ್ರಶ್ನಿಸುವ ಕಾನೂನಿನ ಕೈ ಎಷ್ಟು ಉದ್ದ?

ಹನೂರು ತಾಲೂಕಿನ ಲೊಕ್ಕನಹಳ್ಳಿ ಹೋಬಳಿ ಕಾಡಂಚಿನ ಸೀಮೆ. ಒಂದು ಕಡೆ ಬಿಳಿಗಿರಿರಂಗನ ಬೆಟ್ಟದ ಅರಣ್ಯ, ಇನ್ನೊಂದು ಕಡೆ ಮಲೆ ಮಹದೇಶ್ವರ ಬೆಟ್ಟದ ಸಾಲು, ಅದರಾಚೆ ತಮಿಳುನಾಡು. 1990ರ ದಶಕದಲ್ಲಿ ಈ ಬೆಟ್ಟಸೀಮೆಯ ಜನ ಎರಡು ಭಯಗಳ ನಡುವೆ ಬದುಕಿದರು. ಕಾಡಿನೊಳಗೆ ವೀರಪ್ಪನ್ ಇದ್ದ. ಹೊರಗೆ ಅವನನ್ನು ಹುಡುಕುತ್ತಿದ್ದ ವಿಶೇಷ ಕಾರ್ಯಪಡೆ ಇತ್ತು. ಸುಳಿವು ಕೊಟ್ಟೆ ಎಂದು ಅವನು ಶಂಕಿಸುತ್ತಿದ್ದ, ಅಕ್ಕಿ ಕೊಟ್ಟೆ ಎಂದು ಇವರು ಶಂಕಿಸುತ್ತಿದ್ದರು. 2004ರ ಅಕ್ಟೋಬರ್ 18ರಂದು ವೀರಪ್ಪನ್ ಹತನಾದ. ಅವನ ಕಥೆಯನ್ನು ಸಿನಿಮಾಗಳೂ ಪುಸ್ತಕಗಳೂ ಮತ್ತೆ ಮತ್ತೆ ಹೇಳಿವೆ. ಆದರೆ ಅವನ ಹೆಸರಿನಲ್ಲಿ ಏಟು ತಿಂದ ಸಾಮಾನ್ಯರ ಕಥೆ ನಮ್ಮ ಮುಂದೆ ಒಂದು ಪ್ರಶ್ನೆಯನ್ನು ಇಟ್ಟು ಮೌನವಾಗಿದೆ: ಕಾಯಬೇಕಾದವನೇ ಹಿಂಸಿಸಿದರೆ ದೂರು ಯಾರಲ್ಲಿ? ಆ ದೂರನ್ನು ಕೇಳಿದವರ ಮಾತು ಎಲ್ಲಿಯವರೆಗೆ ನಡೆಯುತ್ತದೆ?

ಈ ಪ್ರಶ್ನೆಯನ್ನು ಎತ್ತುವವರನ್ನು ಪೊಲೀಸ್ ದ್ವೇಷಿಗಳೆಂದು ಕರೆಯುವುದು ಸುಲಭ. ಆದ್ದರಿಂದ ಮೊದಲೇ ಹೇಳಬೇಕಾದುದನ್ನು ಹೇಳಿಬಿಡುತ್ತೇವೆ. 1991ರ ನವೆಂಬರ್‌ನಲ್ಲಿ ಪ್ರಾಮಾಣಿಕ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು ವೀರಪ್ಪನ್ ನಂಬಿಸಿ ಕರೆದು ಕೊಂದ. 1992ರ ಮೇ ತಿಂಗಳಲ್ಲಿ ರಾಮಾಪುರದ ಠಾಣೆಯ ಮೇಲೆ ಎರಗಿ ಪೊಲೀಸರನ್ನು ಹತ್ಯೆಗೈದ. ಅದೇ ವರ್ಷದ ಆಗಸ್ಟ್ 14ರಂದು ಮೀಣ್ಯಂ ಬಳಿ ಎಸ್‌ಪಿ ಟಿ. ಹರಿಕೃಷ್ಣ ಮತ್ತು ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಅವರು ಜೀವ ತೆತ್ತರು. ಕರ್ತವ್ಯದಲ್ಲಿ ಮಡಿದ ಇವರ ಋಣ ನಾಡಿನ ಮೇಲಿದೆ. ಆದರೆ ಅವರ ಬಲಿದಾನವು ನಿರಪರಾಧಿಯ ಬೆನ್ನಿನ ಮೇಲಿನ ಬಾಸುಂಡೆಗೆ ಸಮರ್ಥನೆಯಾಗಲಾರದು.

1993ರ ಬಳಿಕ ಎರಡೂ ರಾಜ್ಯಗಳ ಜಂಟಿ ಕಾರ್ಯಾಚರಣೆ ಬಿರುಸಾಯಿತು. ಅಕ್ರಮ ಬಂಧನ, ವಿದ್ಯುತ್ ಆಘಾತ, ಅತ್ಯಾಚಾರ, ಸಂಶಯಾಸ್ಪದ ಎನ್‌ಕೌಂಟರ್‌ಗಳ ಆರೋಪಗಳು ಕೇಳಿಬಂದವು. ಮಲೆ ಮಹದೇಶ್ವರ ಬೆಟ್ಟದ ಹಿಂಸಾ ಶಿಬಿರವೊಂದಕ್ಕೆ ‘ವರ್ಕ್‌ಶಾಪ್’ ಎಂಬ ಹೆಸರೇ ಬಿದ್ದಿತ್ತು. ಟಾಡಾ ಕಾಯ್ದೆಯಡಿ ನೂರಕ್ಕೂ ಹೆಚ್ಚು ಮಂದಿ ಮೈಸೂರಿನ ಸೆರೆಮನೆ ಸೇರಿದರು. 2001ರಲ್ಲಿ ಅಲ್ಲಿನ ವಿಶೇಷ ನ್ಯಾಯಾಲಯ ಅವರಲ್ಲಿ ಬಹುತೇಕರನ್ನು ಬಿಡುಗಡೆ ಮಾಡಿತು. ಬಿಡುಗಡೆಯ ಹೊತ್ತಿಗೆ ಅವರು ವರ್ಷಗಟ್ಟಲೆ ಸೆರೆಯಲ್ಲಿ ಕಳೆದಾಗಿತ್ತು.

ಇವರ ದೂರುಗಳನ್ನು ಕೊನೆಗೂ ಆಲಿಸಿದ್ದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ. 1999ರಲ್ಲಿ ಅದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಮತ್ತು ಸಿಬಿಐ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರ ಸಮಿತಿಯನ್ನು ನೇಮಿಸಿತು. ಸಮಿತಿ ಬೆಟ್ಟಸೀಮೆಗೇ ಬಂದು ಸಂತ್ರಸ್ತರ ಹೇಳಿಕೆಗಳನ್ನು ದಾಖಲಿಸಿತು. ವಿಚಾರಣೆಗೆ ಅಡೆತಡೆಗಳೂ ಬಂದವು. 2003ರ ಡಿಸೆಂಬರ್‌ನಲ್ಲಿ ವರದಿ ಸಲ್ಲಿಕೆಯಾಯಿತು. 2007ರ ಜನವರಿಯಲ್ಲಿ ಆಯೋಗವು 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ನೀಡುವಂತೆ ಹೇಳಿತು. ಸರಾಸರಿ ಹಾಕಿದರೆ ತಲೆಗೆ ಮೂರು ಲಕ್ಷಕ್ಕಿಂತ ತುಸು ಹೆಚ್ಚು. ಸಮಿತಿ ನೇಮಕವಾಗಿ ಅಷ್ಟರಲ್ಲಿ ಏಳು ವರ್ಷಗಳು ದಾಟಿದ್ದವು. ತಪ್ಪು ನಡೆದಿದೆ ಎಂದು ಹಣದ ಮೂಲಕ ಒಪ್ಪಿಕೊಳ್ಳಲಾಯಿತು. ತಪ್ಪು ಮಾಡಿದವರು ಯಾರು ಎಂಬ ಪ್ರಶ್ನೆ ಮಾತ್ರ ಕಟಕಟೆಯನ್ನು ಏರಲಿಲ್ಲ.

ಹೀಗೇಕಾಯಿತು? ಆಯೋಗಕ್ಕೆ ಮನಸ್ಸಿರಲಿಲ್ಲ ಎಂದು ದೂರುವುದು ಪೂರ್ಣ ಉತ್ತರವಲ್ಲ. ಕಾನೂನು ಅದಕ್ಕೆ ಕೊಟ್ಟ ಕೈಯೇ ಗಿಡ್ಡ. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ಆಯೋಗ ಸಾಕ್ಷಿಗಳನ್ನು ಕರೆಸಬಹುದು, ಕಡತಗಳನ್ನು ತರಿಸಬಹುದು, ಪ್ರಮಾಣ ಮಾಡಿಸಿ ಹೇಳಿಕೆ ಪಡೆಯಬಹುದು. ಇಷ್ಟೆಲ್ಲ ಮಾಡಿದ ಮೇಲೆ 18ನೇ ಕಲಮಿನಡಿ ಪರಿಹಾರಕ್ಕೆ, ಮೊಕದ್ದಮೆಗೆ, ಇಲಾಖಾ ಕ್ರಮಕ್ಕೆ ‘ಶಿಫಾರಸು’ ಮಾಡಬಹುದು. ಸರಕಾರ ಕಿವಿಗೊಡದಿದ್ದರೆ ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟಿನ ಮೊರೆ ಹೋಗಬಹುದು. ಆದರೆ ತಾನೇ ಒಬ್ಬ ಪೇದೆಯನ್ನೂ ಶಿಕ್ಷಿಸುವಂತಿಲ್ಲ.

ಎರಡನೆಯ ಮಿತಿ ಕಾಲದ್ದು. ಘಟನೆ ನಡೆದ ಒಂದು ವರ್ಷದೊಳಗೆ ದೂರು ಬರಬೇಕು ಎನ್ನುತ್ತದೆ ಕಾಯ್ದೆಯ 36ನೇ ಕಲಮು. ಕಾರ್ಯಪಡೆ ಊರ ಬಾಗಿಲಲ್ಲೇ ಬೀಡುಬಿಟ್ಟಿರುವಾಗ ಕಾಡಂಚಿನ ರೈತನೋ ಸೋಲಿಗನೋ ಒಂದು ವರ್ಷದೊಳಗೆ ದಿಲ್ಲಿಗೆ ಅರ್ಜಿ ಬರೆಯಬೇಕೆಂದು ನಿರೀಕ್ಷಿಸುವುದು ಎಷ್ಟು ನ್ಯಾಯ? ಈ ಅಳತೆಗೋಲನ್ನು ಬಿಗಿಯಾಗಿ ಹಿಡಿದಿದ್ದರೆ ಬೆಟ್ಟದ ದೂರುಗಳಲ್ಲಿ ಹಲವು ಆಯೋಗದ ಹೊಸ್ತಿಲನ್ನೂ ದಾಟುತ್ತಿರಲಿಲ್ಲ. ಹಿಂಸೆ ಎಷ್ಟು ಭೀಕರವೋ ಬಾಯಿ ತೆರೆಯಲು ಅಷ್ಟು ಹೆಚ್ಚು ಕಾಲ ಬೇಕಾಗುತ್ತದೆ. ಕಾನೂನು ಇದನ್ನು ಗಮನಿಸಿಲ್ಲ.

ಮೂರನೆಯದು ಪೂರ್ವಾನುಮತಿಯ ಗೋಡೆ. ಕರ್ತವ್ಯದ ಸಂಬಂಧದಲ್ಲಿ ಎಸಗಿದ ಕೃತ್ಯಕ್ಕಾಗಿ ಪೊಲೀಸ್ ಅಧಿಕಾರಿಯ ಮೇಲೆ ಮೊಕದ್ದಮೆ ನಡೆಸಲು ಸರಕಾರದ ಒಪ್ಪಿಗೆ ಬೇಕೆಂಬ ರಕ್ಷಣೆ ದಂಡ ಪ್ರಕ್ರಿಯಾ ಸಂಹಿತೆಯ 197ನೇ ಕಲಮಿನಲ್ಲಿತ್ತು. ನಮ್ಮ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಮಿನಲ್ಲೂ ಅದಿದೆ. ಕರ್ತವ್ಯದ ಮಿತಿ ಮೀರಿದ ಕೃತ್ಯಕ್ಕೂ ಕರ್ತವ್ಯದೊಡನೆ ಸಮಂಜಸ ಸಂಬಂಧವಿದ್ದರೆ ಈ ರಕ್ಷಣೆ ಸಿಗುತ್ತದೆ ಎಂದು 2020ರ ಜೂನ್‌ನಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2024ರ ಜುಲೈಯಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಮು ಒಂದು ಕಿಂಡಿಯನ್ನು ತೆರೆದಿದೆ: ಅನುಮತಿಯ ಕೋರಿಕೆಯನ್ನು ಸರಕಾರ 120 ದಿನಗಳಲ್ಲಿ ತೀರ್ಮಾನಿಸದಿದ್ದರೆ ಅನುಮತಿ ಸಿಕ್ಕಿದೆಯೆಂದೇ ಭಾವಿಸಲಾಗುವುದು. ಸ್ವಾಗತಾರ್ಹ. ಆದರೂ ಅನುಮತಿ ನಿರಾಕರಿಸುವ ಅಧಿಕಾರ ಸರಕಾರದ ಕೈಯಲ್ಲೇ ಉಳಿದಿದೆ.

ಇದಕ್ಕೆ ಪರಿಹಾರವೆಂಬಂತೆ 2006ರ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪೊಲೀಸ್ ದೂರು ಪ್ರಾಧಿಕಾರಗಳನ್ನು ಸ್ಥಾಪಿಸಲು ಆದೇಶಿಸಿತು. ಡಿವೈಎಸ್‌ಪಿ ಮತ್ತು ಕೆಳಗಿನವರ ಮೇಲಿನ ದೂರಿಗೆ ನಿವೃತ್ತ ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಜಿಲ್ಲಾ ಪ್ರಾಧಿಕಾರ. ಎಸ್‌ಪಿ ಮತ್ತು ಮೇಲಿನವರ ಮೇಲಿನ ದೂರಿಗೆ ನಿವೃತ್ತ ಹೈಕೋರ್ಟ್ ಅಥವಾ ಸುಪ್ರೀಂ ಕೋರ್ಟ್ ನ್ಯಾಯಾಧೀಶರ ನೇತೃತ್ವದ ರಾಜ್ಯ ಪ್ರಾಧಿಕಾರ. ಆ ಆದೇಶದ ಜೀವಾಳ ಒಂದು ಮಾತಿನಲ್ಲಿತ್ತು: ಪ್ರಾಧಿಕಾರದ ಶಿಫಾರಸು ಸರಕಾರವನ್ನು ಕಟ್ಟಿಹಾಕಬೇಕು. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಎರಡೂ ಹಂತದ ಪ್ರಾಧಿಕಾರಗಳಿಗೆ ಅವಕಾಶ ಕಲ್ಪಿಸಿತು. ಕಾಯ್ದೆಯ ಪುಟದಲ್ಲಿ ಅವು ಇವೆ. ಆದರೆ ಕೊಳ್ಳೇಗಾಲದ ಪೇಟೆಯಲ್ಲಿ ನಿಂತು, ಜಿಲ್ಲೆಯ ಪೊಲೀಸ್ ದೂರು ಪ್ರಾಧಿಕಾರ ಯಾವ ಕಟ್ಟಡದಲ್ಲಿದೆ ಎಂದು ವಿಚಾರಿಸಿ ನೋಡಿ. ಜನರಿಗೆ ವಿಳಾಸವೇ ಗೊತ್ತಿಲ್ಲದ ನ್ಯಾಯಪೀಠದಿಂದ ಯಾವ ಠಾಣೆ ಅಂಜೀತು?

ನೆರೆಯ ತಮಿಳುನಾಡು ಎರಡು ಪಾಠಗಳನ್ನು ಕಲಿಸುತ್ತದೆ. ಮೊದಲನೆಯದು ಧರ್ಮಪುರಿ ಜಿಲ್ಲೆಯ ವಾಚಾತಿ. 1992ರ ಜೂನ್ 20ರಂದು ಗಂಧದ ಮರ ಹುಡುಕುವ ನೆಪದಲ್ಲಿ ಅರಣ್ಯ, ಪೊಲೀಸ್ ಹಾಗೂ ಕಂದಾಯ ಸಿಬ್ಬಂದಿ ಈ ಗಿರಿಜನರ ಊರಿಗೆ ನುಗ್ಗಿ, ದೋಚಿ, 18 ಮಹಿಳೆಯರ ಮೇಲೆ ಅತ್ಯಾಚಾರವೆಸಗಿದರು. ಬುಡಕಟ್ಟು ಸಂಘಟನೆಯೂ ಎಡಪಕ್ಷವೂ ಪಟ್ಟು ಹಿಡಿದು ನ್ಯಾಯಾಲಯಕ್ಕೆ ಹೋದವು. 1995ರಲ್ಲಿ ಹೈಕೋರ್ಟ್ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು. 269 ಆರೋಪಿಗಳ ಪೈಕಿ ಬದುಕುಳಿದಿದ್ದ 215 ಮಂದಿಯೂ 2011ರ ಸೆಪ್ಟೆಂಬರ್‌ನಲ್ಲಿ ಅಪರಾಧಿಗಳೆಂದು ಸಾಬೀತಾಯಿತು. 2023ರಲ್ಲಿ ಮದ್ರಾಸ್ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಎರಡನೆಯದು, 2021ರ ಫೆಬ್ರವರಿಯಲ್ಲಿ ಅದೇ ಹೈಕೋರ್ಟಿನ ಪೂರ್ಣಪೀಠ ನೀಡಿದ ತೀರ್ಪು: ಮಾನವ ಹಕ್ಕುಗಳ ಆಯೋಗದ ಶಿಫಾರಸು ಬರಿಯ ಸಲಹೆಯಲ್ಲ, ಸರಕಾರ ಅದಕ್ಕೆ ಬದ್ಧ. ಗಡಿಯ ಆಚೆ ಸಾಧ್ಯವೆಂದು ಕಂಡದ್ದು ಈಚೆ ಏಕೆ ಶಾಸನವಾಗಬಾರದು?

ಇಸ್ಲಾಮೀ ಆಡಳಿತ ಪರಂಪರೆಗೆ ಈ ಪ್ರಶ್ನೆ ಹೊಸದಲ್ಲ. ಅಧಿಕಾರಸ್ಥರ ವಿರುದ್ಧ ಪ್ರಜೆಗಳ ಅಹವಾಲನ್ನು ಕೇಳಲು ‘ಮಝಾಲಿಮ್’ ಎಂಬ ಪ್ರತ್ಯೇಕ ಪೀಠವೇ ಇತ್ತು. ಹಿಜರಿ ಐದನೇ ಶತಮಾನದ ಬಗ್ದಾದಿನ ವಿದ್ವಾಂಸ ಇಮಾಮ್ ಮಾವರ್ದಿ ತಮ್ಮ ‘ಅಲ್ ಅಹ್ಕಾಮುಸ್ಸುಲ್ತಾನಿಯ್ಯ’ದಲ್ಲಿ ಅದಕ್ಕಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ಖಾಝಿಯ ತೀರ್ಪಿಗೆ ಬಲಾಢ್ಯನು ಮಣಿಯದಿದ್ದಾಗ ಅದನ್ನು ಜಾರಿಗೊಳಿಸುವುದು ಈ ಪೀಠದ ಕರ್ತವ್ಯಗಳಲ್ಲಿ ಒಂದು. ಅಲ್ಲಿ ಕೂರುವವನಲ್ಲಿ ನ್ಯಾಯಾಧೀಶನ ನಿಷ್ಪಕ್ಷಪಾತದ ಜೊತೆಗೆ ಆಳುವವನ ಗಾಂಭೀರ್ಯವೂ ಇರಬೇಕೆಂಬುದು ಅವರ ನಿಲುವು. ಸಾವಿರ ವರ್ಷಗಳ ಹಿಂದೆಯೇ ಅರಿತಿದ್ದ ಸತ್ಯವಿದು: ದುರ್ಬಲನ ದೂರನ್ನು ಕೇಳುವವನು ಸ್ವತಃ ದುರ್ಬಲನಾಗಿದ್ದರೆ ಆ ಕೇಳುವಿಕೆಗೆ ಅರ್ಥವಿಲ್ಲ.

ಇಲ್ಲಿ ನಾವು ನಮ್ಮ ಎದೆಯನ್ನೂ ಮುಟ್ಟಿಕೊಳ್ಳಬೇಕಾಗಿದೆ. 2019ರ ಡಿಸೆಂಬರ್ 19ರಂದು ಮಂಗಳೂರಿನ ಗೋಲಿಬಾರಿನಲ್ಲಿ ಇಬ್ಬರು ಪ್ರಾಣ ಕಳೆದುಕೊಂಡಾಗ ಸಮುದಾಯ ನೊಂದಿತು, ಸಿಡಿಯಿತು. ಸರಕಾರದ್ದೇ ಅಧಿಕಾರಿಯಾದ ನೆರೆ ಜಿಲ್ಲೆಯ ಜಿಲ್ಲಾಧಿಕಾರಿಯ ತನಿಖಾ ವರದಿ ಪೊಲೀಸರನ್ನು ದೋಷಮುಕ್ತಗೊಳಿಸಿದಾಗ ಸ್ವತಂತ್ರ ತನಿಖೆ ಬೇಕೆಂದು ಕೂಗಿತು. ಆ ಬೇಡಿಕೆ ನ್ಯಾಯವಾದುದೇ. ಆದರೆ ಹನೂರಿನ ಬೆಟ್ಟಗಳಲ್ಲಿ ಸೋಲಿಗರೂ ತಮಿಳು ಮಾತನಾಡುವ ಬಡ ರೈತರೂ ಇದೇ ಬೇಡಿಕೆಯನ್ನು ಮುಂದಿಟ್ಟಿದ್ದಾಗ ಪೇಟೆಯಲ್ಲಿದ್ದ ನಾವು ಎಲ್ಲಿದ್ದೆವು? ನಮ್ಮ ಮಸೀದಿಯ ಮಿಂಬರ್‌ನಿಂದ ಅವರಿಗಾಗಿ ಒಂದು ಮಾತು ಹೊರಟಿತೇ? ಸ್ವಂತದವರ ವಿರುದ್ಧವಾದರೂ ಸರಿ, ನ್ಯಾಯಕ್ಕೆ ಸಾಕ್ಷಿಗಳಾಗಿ ನಿಲ್ಲಬೇಕೆಂದು ಪವಿತ್ರ ಕುರ್‌ಆನ್ ಆಜ್ಞಾಪಿಸುತ್ತದೆ. ನಾವು ಅದನ್ನು ಸ್ವಂತದವರಿಗಾಗಿ ಮಾತ್ರ ಸಾಕ್ಷಿ ನಿಲ್ಲುವುದಕ್ಕೆ ಇಳಿಸಿಬಿಟ್ಟಿದ್ದೇವೆ.

ಅಚ್ಚರಿಯೆಂದರೆ ಈ ವಿಷಯದಲ್ಲಿ ದೇಶದ ಕಾನೂನು ನಮಗಿಂತ ವಿಶಾಲ ಹೃದಯದ್ದು. ಸಂತ್ರಸ್ತನಷ್ಟೇ ಅಲ್ಲ, ಅವನ ಪರವಾಗಿ ಯಾರು ಬೇಕಾದರೂ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಬಹುದು. ಶುಲ್ಕವಿಲ್ಲ, ವಕೀಲ ಕಡ್ಡಾಯವಲ್ಲ, ದಿಲ್ಲಿಯ ಆಯೋಗಕ್ಕೂ ಕನ್ನಡದಲ್ಲೇ ಬರೆಯಬಹುದು. ಬೆದರಿದವನು ಬರೆಯಲಾರದ ಅರ್ಜಿಯನ್ನು ಬೆದರದ ನೆರೆಯವನು ಬರೆಯಬಹುದು. ಒಂದು ವರ್ಷದ ಗಡುವಿನ ಅನ್ಯಾಯವನ್ನು ಇಂದಿಗೆ ಸರಿಪಡಿಸಬಲ್ಲ ಶಕ್ತಿ ಇರುವುದು ನೆರೆಹೊರೆಯ ಧೈರ್ಯಕ್ಕೆ ಮಾತ್ರ.

ಆದ್ದರಿಂದ ಪಟ್ಟಣಗಳ ಜಮಾಅತ್ ಸಮಿತಿಗಳಿಗೆ ನಮ್ಮ ವಿನಂತಿ ಇಷ್ಟೆ. ಕಾನೂನು ಓದಿದ ಇಬ್ಬರು ಮೂವರು ಯುವಕ ಯುವತಿಯರಿಗೆ ಈ ಹೊಣೆಯನ್ನು ವಹಿಸಿಕೊಡಿ. ಠಾಣೆಯಲ್ಲಿ ಏಟು ತಿಂದವನು ಯಾವ ಜಾತಿಯವನೇ ಆಗಿರಲಿ, ಅಂದೇ ಸರಕಾರಿ ಆಸ್ಪತ್ರೆಗೆ ಕರೆದೊಯ್ದು ಗಾಯದ ದಾಖಲೆ ಮಾಡಿಸಿ. ದಿನಾಂಕ, ವೇಳೆ, ಠಾಣೆಯ ಹೆಸರು ಬರೆದು ದೂರನ್ನು ನೋಂದಾಯಿತ ಅಂಚೆಯಲ್ಲಿ ಕಳುಹಿಸಿ, ರಸೀದಿಯನ್ನು ಜೋಪಾನ ಮಾಡಿ. ಠಾಣೆಯ ಸಿಸಿಟಿವಿ ದೃಶ್ಯಗಳನ್ನು 18 ತಿಂಗಳು, ಅದಾಗದಿದ್ದರೆ ಕನಿಷ್ಠ ಒಂದು ವರ್ಷ ಕಾಪಿಡಬೇಕೆಂದು 2020ರ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟ್ ಆದೇಶಿಸಿದೆ. ಅವುಗಳನ್ನು ಉಳಿಸಿಡುವಂತೆ ಮೊದಲ ಅರ್ಜಿಯಲ್ಲೇ ಕೋರಿ. ಬಡವರಿಗೆ ತಾಲೂಕು ಕಾನೂನು ಸೇವಾ ಸಮಿತಿಯ ಬಾಗಿಲು ತೋರಿಸಿ. ಗದ್ದಲ ಬೇಡ, ಕಲ್ಲು ಬೇಡ, ಕಾಗದ ಬೇಕು.

ಸರಕಾರಕ್ಕೆ ನಮ್ಮ ಒತ್ತಾಯವೂ ಸ್ಪಷ್ಟ. ಪ್ರತಿ ಜಿಲ್ಲೆಯ ದೂರು ಪ್ರಾಧಿಕಾರ ಸುಪ್ರೀಂ ಕೋರ್ಟ್ ಹೇಳಿದಂತೆ ನಿವೃತ್ತ ನ್ಯಾಯಾಧೀಶರ ನೇತೃತ್ವದಲ್ಲಿ ನಡೆಯಲಿ. ಅದರ ವಿಳಾಸ ಪ್ರತಿ ಠಾಣೆಯ ಗೋಡೆಯ ಮೇಲೆ ಕನ್ನಡದಲ್ಲಿ ಇರಲಿ. ಅದರ ಶಿಫಾರಸನ್ನು ಸರಕಾರ ಪಾಲಿಸಲೇಬೇಕೆಂಬ ಮಾತು ಕಾಯ್ದೆಯಲ್ಲೇ ಸೇರಲಿ.

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂಬುದು ನಮ್ಮ ನಾಡಿನ ಹಳೆಯ ಅಳಲು. ಬೇಲಿ ಬೇಡವೆಂದು ಯಾವ ರೈತನೂ ಹೇಳುವುದಿಲ್ಲ. ಬೇಲಿಯನ್ನು ನೋಡಿಕೊಳ್ಳುವವನೊಬ್ಬ ಬೇಕು ಎನ್ನುತ್ತಾನೆ. ಲೊಕ್ಕನಹಳ್ಳಿಯ ಸೀಮೆ ಆ ಒಬ್ಬನಿಗಾಗಿ ವರ್ಷಗಟ್ಟಲೆ ಕಾಯಿತು. ಅವನು ಬಂದಾಗ ಅವನ ಕೈಯಲ್ಲಿ ಪರಿಹಾರದ ಆದೇಶವಿತ್ತು, ದಂಡಿಸುವ ಅಧಿಕಾರವಿರಲಿಲ್ಲ. ಮುಂದಿನ ಸಲ ಯಾವುದೇ ಊರು, ಯಾವುದೇ ಸಮುದಾಯ ಹಾಗೆ ಕಾಯಬೇಕಾಗಿ ಬಾರದಿರಲಿ. ಅದಕ್ಕಾಗಿ ಮಾತನಾಡುವ ಹೊಣೆ ಏಟು ತಿಂದವನದ್ದಷ್ಟೇ ಅಲ್ಲ, ಅದನ್ನು ಕಂಡ ನಮ್ಮೆಲ್ಲರದ್ದು.